ಕುಂಡದೊಳಗಿನ ಐನೂರು ವರ್ಷ

ಭಾಗ 1/9 · ಎಣ್ಣೆ ಡಬ್ಬಿಯ ಗಿಡ

ದೋಸ್ತರೇ, ಫೋಟೊ ಸ್ವಲ್ಪ ಜೂಮ್ ಮಾಡಿ ನೋಡಿ. ಇದು ಹಾವೇರಿಯಲ್ಲಿರೋ ನಮ್ಮ ಮನೆ ಮಾಳಿಗೆ. ಎಡಕ್ಕೆ ತುಕ್ಕು ಹಿಡಿದ ಎಣ್ಣೆ ಡಬ್ಬಿ, ಅದರಲ್ಲಿ ಮೆಣಸಿನ ಗಿಡ. ಪಕ್ಕದ ಪೇಂಟ್ ಬಕೆಟ್‌ನಲ್ಲಿ ಟೊಮೆಟೊ. ಸಿಮೆಂಟ್ ಚೀಲದಲ್ಲಿ ಬಟಾಟಿ. ಒಡೆದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮೆಂತ್ಯ. ಮೂಲೆಯ ಮಣ್ಣಿನ ಕುಂಡದಲ್ಲಿ ಬದನೆ.

ಈಗ ಒಂದು ಪ್ರಶ್ನೆ. ಈ ಐದರಲ್ಲಿ ಮೂರು ಗಿಡ 1492ಕ್ಕಿಂತ ಮುಂಚೆ ಇಡೀ ಭಾರತದಲ್ಲಿ ಎಲ್ಲೂ ಇರಲಿಲ್ಲ. ಯಾವ ಮೂರು? ಉತ್ತರ ಕಾಮೆಂಟ್‌ನಲ್ಲಿ ಹಾಕಿ, ಆಮೇಲೆ ಮುಂದಿನ ಭಾಗಕ್ಕೆ ಹೋಗಿ.

ಪರೀಕ್ಷೆಗೆ ನಾವು ಓದೋ ಇತಿಹಾಸದಲ್ಲಿ ರಾಜರು, ಯುದ್ಧ, ಒಪ್ಪಂದ ಎಲ್ಲ ಇರುತ್ತೆ. ಊಟದ ತಾಟಿಗೆ ಬಂದ ಕಾಯಿಪಲ್ಲೆಯ ಇತಿಹಾಸ ಯಾರೂ ಕೇಳಲ್ಲ. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರಿಗೆ ಆ ಇತಿಹಾಸ ಬಹಳ ಹತ್ತಿರದ್ದು. ನಮ್ಮ ಜಿಲ್ಲೆ ಹೆಸರು ಮಾಡಿದ್ದೇ ಮೆಣಸಿನಕಾಯಿಯಿಂದ, ಬೀಜದಿಂದ.

ಹಾಗಾಗಿ ಈ ಒಂಬತ್ತು ಭಾಗದಲ್ಲಿ ಎರಡೇ ಪ್ರಶ್ನೆ. ನನ್ನ ಕುಂಡದ ಬೀಜ ನನ್ನ ಕೈಗೆ ಹೇಗೆ ಬಂತು? ಮುಂದಿನ ವರ್ಷವೂ ಅದು ನನ್ನ ಕೈಯಲ್ಲೇ ಉಳಿಯುತ್ತಾ?

ಭಾಗ 2/9 · ಹೆಸರಲ್ಲೇ ಇದೆ ಗುಟ್ಟು

ಉತ್ತರ: ಮೆಣಸಿನಕಾಯಿ, ಟೊಮೆಟೊ, ಬಟಾಟಿ. ಮೂರೂ ಅಮೆರಿಕ ಖಂಡದವು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗಿ ಮುಟ್ಟಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯ್ತು. ಅವರ ಹಡಗುಗಳ ಜೊತೆ ಆ ಕಡೆಯ ಬೀಜಗಳೂ ಈ ಕಡೆ ಬಂದವು. ಗೋವಾದಿಂದ ಘಟ್ಟ ಹತ್ತಿದರೆ ನಮ್ಮ ಸೀಮೆಯೇ ಅಲ್ವಾ?

ಪುರಾವೆ ಬೇಕಂದ್ರೆ ನಿಮ್ಮ ಬಾಯಲ್ಲೇ ಇದೆ. ಬೆಂಗಳೂರು ಕಡೆಯವರು ಆಲೂಗಡ್ಡೆ ಅಂತಾರೆ, ನಾವು ಬಟಾಟಿ ಅಂತೀವಿ. ಪೋರ್ಚುಗೀಸ್ ಭಾಷೆಯಲ್ಲಿ ಅದು ಬಟಾಟ. ಅವರು ಬಿಟ್ಟು ಹೋದ ಮಾತನ್ನ ನಮ್ಮ ಅವ್ವಂದಿರು ಇವತ್ತಿಗೂ ಸಂತೆಯಲ್ಲಿ ಕೂಗಿ ಕೇಳ್ತಾರೆ. ಪೇರಲ ಹಣ್ಣಿನ ಹೆಸರಲ್ಲಿರೋದೂ ಪೋರ್ಚುಗೀಸರ ‘ಪೇರ’. ಹಳೇ ಮೈಸೂರು ಕಡೆ ಪಪ್ಪಾಯಿಗೆ ಪರಂಗಿ ಹಣ್ಣು ಅಂತಾರೆ. ಪರಂಗಿ ಅಂದ್ರೆ ಹೊರಗಿನ ಬಿಳಿ ಜನ.

ಮೆಣಸಿನಕಾಯಿಯ ಹೆಸರು ಇನ್ನೂ ಮಜಾ ಇದೆ. ಮೆಣಸು ಅಂದ್ರೆ ಮೊದಲು ಕರಿಮೆಣಸು ಮಾತ್ರ. ಅಡುಗೆಗೆ ಖಾರ ಬೇಕಂದ್ರೆ ಅದು, ಇಲ್ಲಾ ಹಿಪ್ಪಲಿ, ಇಲ್ಲಾ ಶುಂಠಿ. ಹೊಸದಾಗಿ ಬಂದ ಕಾಯಿ ಮೆಣಸಿನ ಹಾಗೇ ಖಾರ ಇತ್ತು. ಹೀಗಾಗಿ ನಮ್ಮ ಜನ ಅದಕ್ಕೆ ಮೆಣಸಿನ ಕಾಯಿ ಅಂದರು. ಹೊಸ ಹೆಸರು ಹುಡುಕೋ ಗೋಜಿಗೇ ಹೋಗಲಿಲ್ಲ.

ಪುರಂದರದಾಸರ ಕಾಲ 1484ರಿಂದ 1564. ಅವರ ಹೆಸರಿನಲ್ಲಿ ಹಾಡುವ ಒಂದು ಪದದಲ್ಲಿ ಹಸಿರಾಗಿದ್ದು ಆಮೇಲೆ ಕೆಂಪಾಗೋ ಈ ಕಾಯಿಯ ವರ್ಣನೆ ಇದೆ. ಹೊರಗಿಂದ ಬಂದ ಬೆಳೆ ನಮ್ಮ ದಾಸರ ಪದದೊಳಗೂ ಬಂದು ಕೂತುಬಿಟ್ಟಿದೆ.

ಭಾಗ 3/9 · ಕುಂಡಕ್ಕಿಂತ ಮುಂಚೆ ಹಿತ್ತಲ ಇತ್ತು

ಹಾಗಾದ್ರೆ ಮೊದಲಿಂದ ನಮ್ಮಲ್ಲಿ ಏನಿತ್ತು? ಬದನೆ ನಮ್ಮದೇ. ಅದರ ತವರು ನಮ್ಮ ಭಾರತದ ಕಡೆಯೇ. ಹೀರೆಕಾಯಿ, ಸೌತೆಕಾಯಿ, ಅವರೆ, ಮೆಂತ್ಯ, ಪುಂಡಿಪಲ್ಲೆ ಎಲ್ಲ ಮನೆ ಹಿಂದಿನ ಹಿತ್ತಲದಲ್ಲಿ ಬೆಳೀತಿದ್ದವು. ಬಚ್ಚಲ ನೀರು ಹರಿದು ಹೋಗೋ ದಾರಿಯಲ್ಲೇ ಒಂದು ಕೆಸು, ಒಂದು ಬಾಳೆ. ಒಲೆ ಬೂದಿ, ದನದ ಸಗಣಿ ಗೊಬ್ಬರಕ್ಕೆ. ಅಂಗಳದ ತುಳಸಿ ಕಟ್ಟೆ ನೆನಪಿಸಿಕೊಳ್ಳಿ. ಕಟ್ಟಿದ ಕಟ್ಟೆಯೊಳಗೆ ಮಣ್ಣು ತುಂಬಿ ಒಂದೇ ಗಿಡವನ್ನ ದಿನಾ ನೀರು ಹಾಕಿ ಸಾಕೋದು. ಕುಂಡದಲ್ಲಿ ಗಿಡ ಬೆಳೆಸೋದು ನಮಗೇನು ಹೊಸ ವಿಷಯ ಅಲ್ಲ.

ನಮ್ಮ ಅಜ್ಜಿಯದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ನಾನು ಆನ್‌ಲೈನ್‌ನಲ್ಲಿ ಬೀಜ ಆರ್ಡರ್ ಮಾಡಿದಾಗ ಅವಳು ನಕ್ಕಳು. “ಬೀಜಕ್ಕ ರೊಕ್ಕ ಕೊಟ್ಟೇನ ಯವ್ವಾ? ನಮ್ಮ ಕಾಲಕ್ಕ ಬೀಜ ಕೊಳ್ತಿದ್ದಿಲ್ಲ, ಕೇಳ್ತಿದ್ವಿ.”

ಕೇಳೋದು ಅಂದ್ರೆ ಹೀಗೆ. ಒಳ್ಳೇ ಗಿಡದ ಮೊದಲ ಒಂದೆರಡು ಕಾಯಿ ಕೀಳದೆ ಬಿಡೋದು. ಹೀರೆಕಾಯಿ ಬಳ್ಳಿಯಲ್ಲೇ ಒಣಗಬೇಕು. ಸೌತೆ ಬೀಜಕ್ಕೆ ಬೂದಿ ಕಲಸಿ ಇಡೋದು, ಇಲ್ಲಾ ಸಗಣಿ ಬಿಲ್ಲೆಯಲ್ಲಿ ಒತ್ತಿ ಗೋಡೆಗೆ ಅಂಟಿಸೋದು. ಮಳೆ ಬಿದ್ದ ಮೇಲೆ ಓಣಿಯ ಹೆಣ್ಣುಮಕ್ಕಳು ಒಬ್ಬರ ಮನೆಗೊಬ್ಬರು ಹೋಗಿ ಚಿಟಿಕೆ ಚಿಟಿಕೆ ಹಂಚಿಕೊಳ್ಳೋದು. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ಆದರೆ ತಳಿ ಉಳಿಸಿದವರು ಅವರೇ.

ಅಜ್ಜಿ ಹಿತ್ತಲದಲ್ಲಿ ಒಂದು ಮುಳಗಾಯಿ ತಳಿ ಇತ್ತಂತೆ. ಎಣ್ಣೆಗಾಯಿ ಮಾಡಿದರೆ ಬಾಯಲ್ಲಿ ಬೆಣ್ಣೆ. ಅಜ್ಜ ಆಸ್ಪತ್ರೆಯಲ್ಲಿದ್ದ ವರ್ಷ ಯಾರೂ ಬಿತ್ತಲಿಲ್ಲ. ಮುಂದಿನ ವರ್ಷ ನೋಡಿದರೆ ಬೀಜಕ್ಕೆ ಹುಳ ಬಿದ್ದಿತ್ತು. ಮುಗೀತು. ಒಂದೇ ಒಂದು ವರ್ಷ ಬಿಟ್ಟಿದ್ದಕ್ಕೆ.

ಭಾಗ 4/9 · ಬ್ಯಾಡಗಿಯ ಕೆಂಪು

ಅದೇ ಕೈಗಳು, ಅದೇ ಅಭ್ಯಾಸ. ಅಮೆರಿಕದಿಂದ ಬಂದ ಕಾಯಿ ‘ಬ್ಯಾಡಗಿ’ ಆಗಿದ್ದೂ ಹೀಗೆಯೇ.

ಹಡಗಿನಿಂದ ಇಳಿದ ಮೆಣಸಿನಕಾಯಿ ನೇರ ಬ್ಯಾಡಗಿ ಮೆಣಸಿನಕಾಯಿ ಆಗಿರಲಿಲ್ಲ. ನಮ್ಮ ಎರೆ ಮಣ್ಣು, ನಮ್ಮ ಮುಂಗಾರು, ನಮ್ಮ ರೈತರ ಕಣ್ಣು, ಈ ಮೂರೂ ಸೇರಿ ತಲೆಮಾರುಗಟ್ಟಲೆ ಅದನ್ನ ಬದಲಿಸಿದವು. ಒಣಗಿದ ರಾಶಿ ಮುಂದೆ ಕೂತು “ಈ ಕಾಯಿ ಬಣ್ಣ ಚಂದ, ಇದು ಬೀಜಕ್ಕಿರಲಿ” ಅಂತ ಯಾರೋ ಆರಿಸಿಟ್ಟಿದ್ದಾರೆ. ಹೀಗೆ ನೂರಾರು ಸಲ ಆಗಿದೆ.

ಎರಡು ಬಗೆ ನಿಮಗೆ ಗೊತ್ತೇ ಇರುತ್ತೆ. ಕಡ್ಡಿ: ಉದ್ದ, ತೆಳು, ಮೈಯೆಲ್ಲ ಸುಕ್ಕು, ಬೀಜ ಕಡಿಮೆ. ಡಬ್ಬಿ: ಗಿಡ್ಡ, ದಪ್ಪ, ಬೀಜ ಜಾಸ್ತಿ. ಎರಡರಲ್ಲೂ ಖಾರ ಕಡಿಮೆ, ಬಣ್ಣ ಜಾಸ್ತಿ. ಅದಕ್ಕೇ ನಮ್ಮ ಮನೆ ಸಾರು ನೋಡೋಕೆ ಬೆಂಕಿ, ತಿಂದ್ರೆ ತಂಪು! ಈ ಬಣ್ಣವನ್ನ ಕಾರ್ಖಾನೆಗಳಲ್ಲಿ ಓಲಿಯೊರೆಸಿನ್ ಅನ್ನೋ ಗಟ್ಟಿ ರಸವಾಗಿ ತೆಗೀತಾರೆ. ಆಹಾರಕ್ಕೆ ಬಣ್ಣ ಕೊಡೋಕೆ ಅದು ಬೇಕು, ತುಟಿಗೆ ಹಚ್ಚೋ ಲಿಪ್‌ಸ್ಟಿಕ್‌ಗೂ ಹೋಗುತ್ತೆ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದ್ರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ತು. ಇದು ಈ ನೆಲದ್ದು ಅಂತ ಕಾಗದದ ಮೇಲೆ ಬರೆದ ಹಾಗೆ.

ಆದರೆ ಇವತ್ತು ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿ. ಬೆಟ್ಟದ ಹಾಗೆ ಬಿದ್ದಿರೋ ಚೀಲಗಳಲ್ಲಿ ಬಹಳಷ್ಟು ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದ ಬಂದಿರುತ್ತೆ. ಅದರಲ್ಲೂ ಹೆಚ್ಚಿನ ಇಳುವರಿ ಕೊಡೋ ಹೈಬ್ರಿಡ್‌ಗಳ ಪಾಲು ದೊಡ್ಡದು. ಮಾರುಕಟ್ಟೆಯ ಹೆಸರು ಬ್ಯಾಡಗಿ, ಕಾಯಿ ಬ್ಯಾಡಗಿಯದೇ ಆಗಿರಬೇಕು ಅಂತಿಲ್ಲ. ರೈತರನ್ನ ಬೈಯೋಕಾಗಲ್ಲ. ಹಳೇ ತಳಿ ಇಳುವರಿ ಕಡಿಮೆ ಕೊಡುತ್ತೆ, ಮಳೆ ನಂಬೋ ಹಾಗಿಲ್ಲ, ಮನೆ ನಡೀಬೇಕಲ್ಲ.

ಭಾಗ 5/9 · ರಾಣೆಬೆನ್ನೂರಿನ ಹೂವು

ಹೈಬ್ರಿಡ್ ಅಂದೆನಲ್ಲ, ಅದರ ಕಥೆ ರಾಣೆಬೆನ್ನೂರಿಗೆ ಹೋಗದೆ ಮುಗಿಯಲ್ಲ.

ಎರಡು ಬೇರೆ ಬೇರೆ ಶುದ್ಧ ತಳಿಗಳನ್ನ ಕೂಡಿಸಿದರೆ ಹುಟ್ಟೋ ಮೊದಲ ಪೀಳಿಗೆ ಅಪ್ಪ-ಅವ್ವ ಇಬ್ಬರಿಗಿಂತ ಜೋರಾಗಿ ಬೆಳೆಯಬಹುದು. ಅಮೆರಿಕದ ಜಾರ್ಜ್ ಶಲ್ 1908ರಲ್ಲಿ ಮೆಕ್ಕೆಜೋಳದಲ್ಲಿ ಇದನ್ನ ತೋರಿಸಿದರು. 1924ರಲ್ಲಿ ಜಪಾನಿನಲ್ಲಿ ಹೈಬ್ರಿಡ್ ಬದನೆ ರೈತರ ಕೈಗೆ ಬಂತು. ನಮ್ಮ ರಾಜ್ಯದಲ್ಲಿ ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿದರು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಕೊಟ್ಟರು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆಯಾಗಿದ್ದು 1997ರಲ್ಲಿ.

ಹೈಬ್ರಿಡ್ ಬೀಜ ಯಂತ್ರದಲ್ಲಿ ಆಗಲ್ಲ, ಕೈಯಲ್ಲಿ ಆಗುತ್ತೆ. ಆ ಕೈಗಳು ರಾಣೆಬೆನ್ನೂರು ಸುತ್ತಲ ಹಳ್ಳಿಗಳಲ್ಲಿ ಸಿಕ್ಕವು. ಇವತ್ತು ಆ ಕಡೆ ಬಸ್ಸಲ್ಲಿ ಹೋದ್ರೆ ಬಿಳಿ ನೆಟ್ ಹೌಸ್‌ಗಳು, ಬೀಜ ಕಂಪನಿಗಳ ಬೋರ್ಡ್‌ಗಳು ಸಾಲಾಗಿ ಕಾಣ್ತವೆ.

ಒಳಗೆ ಏನು ನಡೆಯುತ್ತೆ ಗೊತ್ತಾ? ಟೊಮೆಟೊ ಹೂವಲ್ಲಿ ಗಂಡು-ಹೆಣ್ಣು ಎರಡೂ ಭಾಗ ಇರ್ತವೆ, ಬಿಟ್ಟರೆ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತೆ. ಅದಕ್ಕೇ ಮೊಗ್ಗು ಅರಳೋ ಮುಂಚೆ ಸಣ್ಣ ಚಿಮಟದಿಂದ ಬಿಡಿಸಿ, ಗಂಡು ಭಾಗ ಕಿತ್ತು ಹಾಕ್ತಾರೆ. ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗ ತಂದು ಮುಟ್ಟಿಸ್ತಾರೆ. ಗುರುತಿಗೆ ಹೂವಿನ ಹಸಿರು ಎಸಳು ಕತ್ತರಿಸಿ ಬಿಡ್ತಾರೆ. ಒಂದು ಹೂವು, ಆಮೇಲೆ ಇನ್ನೊಂದು. ದಿನವಿಡೀ ಬಗ್ಗಿ ನಿಂತು. ಈ ಕೆಲಸ ಮಾಡೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ನಿಮ್ಮ ಮನೆಗೆ ಬರೋ ಹೈಬ್ರಿಡ್ ಬೀಜದ ಪ್ಯಾಕೆಟ್ ಹಿಂದೆ ಇಂಥ ಒಂದು ಕೈ ಇದೆ. ನಮ್ಮ ಜಿಲ್ಲೆಯದೇ ಆಗಿರಬಹುದು.

ಭಾಗ 6/9 · ನಾನು ಮೋಸ ಹೋದೆ ಅಂದ್ಕೊಂಡಿದ್ದೆ

ಹೋದ ವರ್ಷ ನನ್ನ ಪೇಂಟ್ ಬಕೆಟ್‌ನಲ್ಲಿ ಟೊಮೆಟೊ ಭರ್ಜರಿ ಬಂತು. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ. ಅಜ್ಜಿ ಹೇಳಿದ ಹಾಗೇ ಚಂದದ ಹಣ್ಣಿನ ಬೀಜ ತೆಗೆದು ಒಣಗಿಸಿಟ್ಟೆ. ಈ ವರ್ಷ ಐದು ಸಸಿ ಹಚ್ಚಿದೆ. ಒಂದು ಎತ್ತರ, ಒಂದು ಕುಳ್ಳ. ಒಂದರ ಹಣ್ಣು ಉದ್ದ, ಇನ್ನೊಂದರದು ಗುಂಡಗೆ, ಮತ್ತೊಂದಕ್ಕೆ ಹೂ ಬಿಟ್ಟರೂ ಕಾಯಿ ನಿಲ್ಲಲಿಲ್ಲ.

ಬೀಜ ಕೆಟ್ಟಿತ್ತಾ? ಇಲ್ಲ. ಪ್ಯಾಕೆಟ್ ತಿರುಗಿಸಿ ನೋಡಿದೆ, ‘ಎಫ್1 ಹೈಬ್ರಿಡ್’ ಅಂತ ಬರೆದಿತ್ತು.

ಹತ್ತನೇ ಕ್ಲಾಸಿನ ಮೆಂಡೆಲ್ ನೆನಪಿದ್ದಾನಾ? ಬ್ರನೋ ಊರಿನ ಮಠದ ತೋಟದಲ್ಲಿ ಬಟಾಣಿ ಬೆಳೆದು 1866ರಲ್ಲಿ ಪ್ರಕಟಿಸಿದ ವಿಷಯವೇ ಇದು. ಕೂಡಿಸಿದ ಮೊದಲ ಪೀಳಿಗೆ ಎಲ್ಲ ಒಂದೇ ಥರ. ಎರಡನೇ ಪೀಳಿಗೆಯಲ್ಲಿ ಅಜ್ಜ-ಅಜ್ಜಿಯರ ಗುಣಗಳು ಬೇರೆ ಬೇರೆಯಾಗಿ ಹೊರಗೆ ಬರ್ತವೆ. ಪರೀಕ್ಷೆಯಲ್ಲಿ 3:1 ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ನನ್ನ ಬಕೆಟ್‌ನಲ್ಲೇ ಅದು ನಡೆದಾಗ ಗುರುತು ಸಿಗಲಿಲ್ಲ!

ಹಾಗಂತ ಹೈಬ್ರಿಡ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಮೂರು ರೋಗ ತಡೆಯುತ್ತೆ, ಅದೂ ಹೈಬ್ರಿಡ್ಡೇ. ರೈತರಿಗೆ ಅದರಿಂದ ಲಾಭ ಇದೆ. ವಿಷಯ ಇಷ್ಟೇ: ಹೈಬ್ರಿಡ್ ಬೆಳೆದರೆ ಪ್ರತಿ ವರ್ಷ ಬೀಜಕ್ಕೆ ಅಂಗಡಿಗೆ ಹೋಗಲೇಬೇಕು. ಅಜ್ಜಿ ‘ಕೇಳ್ತಿದ್ವಿ’ ಅಂದಿದ್ದು ನಮ್ಮ ಕಾಲಕ್ಕೆ ‘ಕೊಳ್ತೀವಿ’ ಆಗಿದ್ದು ಹೀಗೆ.

ಭಾಗ 7/9 · ಜೂನ್ 10

ಅಂಗಡಿಯನ್ನ ನಂಬಿ ಕೂತಾಗ ಅಂಗಡಿಯಲ್ಲಿ ಸಾಮಾನು ಇಲ್ಲದಿದ್ರೆ?

2008ರ ಜೂನ್. ಮುಂಗಾರು ಶುರುವಾಗಿತ್ತು, ಬಿತ್ತನೆ ಸಮಯ. ಎಲ್ಲೆಡೆ ಗೊಬ್ಬರದ ಕೊರತೆ. ಬಿತ್ತನೆಗೆ ಸಿಗೋದು ಕೆಲವೇ ದಿನ, ಹದ ತಪ್ಪಿದರೆ ವರ್ಷವೇ ತಪ್ಪಿತು. ಗೊಬ್ಬರ ಕೇಳಿ ರೈತರು ಹಾವೇರಿಯಲ್ಲಿ ಬೀದಿಗಿಳಿದರು. ಜೂನ್ 10ರಂದು ಗೋಲಿಬಾರ್ ನಡೀತು. ಇಬ್ಬರು ರೈತರ ಜೀವ ಹೋಯ್ತು.

ನಮ್ಮಲ್ಲಿ ಬಹಳ ಜನ ಆಗ ತೊಟ್ಟಿಲಲ್ಲಿದ್ವಿ, ಇಲ್ಲಾ ಹುಟ್ಟೇ ಇರಲಿಲ್ಲ. ಆದರೆ ನಾವು ದಿನಾ ಓಡಾಡೋ ಊರಲ್ಲೇ ಇದು ಆಗಿದೆ. ಜೂನ್ 10 ಬಂದಾಗ ರೈತರು ಅವರನ್ನ ನೆನೀತಾರೆ. ಅವತ್ತು ಒಂದು ನಿಮಿಷ ನೀವೂ ನೆನಪಿಸಿಕೊಳ್ಳಿ.

ಕುಂಡದ ಬಗ್ಗೆ ಬರೀತಾ ಇದನ್ನ ಯಾಕೆ ಹೇಳಿದೆ ಅಂದ್ರೆ, ಬೀಜ, ಗೊಬ್ಬರ ಅನ್ನೋದು ರೀಲ್ಸ್‌ನ ಚಂದದ ಹವ್ಯಾಸ ಮಾತ್ರ ಅಲ್ಲ. ನಮ್ಮ ಕುಂಡದಲ್ಲಿ ಗಿಡ ಸತ್ತರೆ ಇನ್ನೊಂದು ಹಚ್ತೀವಿ. ಹೊಲದಲ್ಲಿ ಒಂದು ಹಂಗಾಮು ತಪ್ಪಿದರೆ ಸಾಲ ಬೆಳೆಯುತ್ತೆ. ಈ ವ್ಯತ್ಯಾಸ ಮರೆತು “ನಾನೂ ರೈತ” ಅಂತ ಸ್ಟೇಟಸ್ ಹಾಕಬಾರದು ಅಂತ ನನಗನಿಸುತ್ತೆ.

ಭಾಗ 8/9 · ಕಷ್ಟಕಾಲದ ತೋಟಗಳು

ಅಂಗಡಿ ಖಾಲಿಯಾದಾಗ ಜನ ಮನೆ ಸುತ್ತ ಬೆಳೆದಿದ್ದು ನಮ್ಮಲ್ಲಿ ಮಾತ್ರ ಅಲ್ಲ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟನ್‌ಗೆ ಹಡಗಿನಲ್ಲಿ ಬರೋ ಆಹಾರ ನಿಂತುಹೋಗೋ ಭಯ ಹುಟ್ಟಿತು. ಅದೇ ವರ್ಷ ಸರ್ಕಾರ ಜನರಿಗೆ ಸಿಕ್ಕ ಸಿಕ್ಕ ಜಾಗದಲ್ಲೆಲ್ಲ ತರಕಾರಿ ಬೆಳೀರಿ ಅಂತ ಕರೆ ಕೊಡ್ತು. ಲಂಡನ್ ಟವರ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರು. 1940ರ ದಶಕದಲ್ಲಿ ನಮ್ಮ ದೇಶದಲ್ಲೂ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ನಡೀತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕ್ಯೂಬಾಕ್ಕೆ ಬರ್ತಿದ್ದ ತೈಲ, ಗೊಬ್ಬರ ಎರಡೂ ಕಡಿಮೆಯಾದವು. ರಾಜಧಾನಿ ಹವಾನದ ಖಾಲಿ ಜಾಗಗಳಲ್ಲಿ ಜನ ಕಟ್ಟೆ ಕಟ್ಟಿ, ಮಣ್ಣು, ಗೊಬ್ಬರ ತುಂಬಿ, ಸೊಪ್ಪು ತರಕಾರಿ ಬೆಳೆದರು. ನಮ್ಮ ತುಳಸಿ ಕಟ್ಟೆಯ ಉದ್ದನೆಯ ತಮ್ಮ ಅನ್ನಬಹುದು.

ನಿಜ ಹೇಳ್ಬೇಕಂದ್ರೆ ಐದು ಕುಂಡದಿಂದ ಒಂದು ಮನೆಯ ಹೊಟ್ಟೆ ತುಂಬಲ್ಲ. ನಮ್ಮ ಮಾಳಿಗೆಯ ಬದನೆ ತಿಂಗಳಿಗೆ ಎರಡು ಸಲ ಪಲ್ಲೆಗೆ ಸಾಕಾದರೆ ಹೆಚ್ಚು. ಆದರೆ ಹೊಲದಲ್ಲಿ ಕಷ್ಟವಾದ ಒಂದು ಕೆಲಸ ಕುಂಡದಲ್ಲಿ ಆಗುತ್ತೆ. ಹೊಲದಲ್ಲಿ ರೈತ ಇಳುವರಿ ನೋಡಲೇಬೇಕು. ನಮಗೆ ಆ ಒತ್ತಡ ಇಲ್ಲ. ಇಳುವರಿ ಕಡಿಮೆ ಅಂತ ಹೊಲದಿಂದ ಹೊರಗೆ ಹೋದ ತಳಿಯನ್ನ ನಾವು ಕುಂಡದಲ್ಲಿ ಉಳಿಸಬಹುದು.

ಭಾಗ 9/9 · ಹತ್ತು ಮನೆ ಬೇಕು

ಈಗ ಮೊದಲ ಫೋಟೊಗೆ ವಾಪಸ್ ಬನ್ನಿ. ಎಣ್ಣೆ ಡಬ್ಬಿಯ ಗಿಡದಲ್ಲಿ ಕಾಯಿ ಕೆಂಪಾಗಿವೆ, ಆದರೂ ಕಿತ್ತಿಲ್ಲ. ಯಾಕಂದ್ರೆ ಅದು ಅಜ್ಜಿಯ ಊರಿನ ಸಂಬಂಧಿಕರ ಮನೆಯಿಂದ ಕೇಳಿ ತಂದ ಕಡ್ಡಿ ಬೀಜ. ತಿನ್ನೋಕಲ್ಲ, ಬೀಜಕ್ಕೆ.

ನೀವೂ ಮಾಡ್ತೀರಾ? ಸೇವ್ ಮಾಡಿಟ್ಕೊಳ್ಳಿ.

ಬೀಜ: ಪ್ಯಾಕೆಟ್ ಮೇಲೆ ಹೈಬ್ರಿಡ್ ಅಥವಾ ಎಫ್1 ಅಂತಿದ್ರೆ ಬೀಜ ಉಳಿಸೋಕೆ ಅದು ಬೇಡ. ‘ಅರ್ಕಾ ವಿಕಾಸ್’ ಟೊಮೆಟೊ, ‘ಅರ್ಕಾ ಅನಾಮಿಕಾ’ ಬೆಂಡೆಯಂಥವು ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಮೆಂತ್ಯಕ್ಕೆ ಅಡುಗೆಮನೆ ಡಬ್ಬಿಯೇ ಸಾಕು.

ಕುಂಡ: ಮೆಣಸಿನ ಗಿಡಕ್ಕೆ ಒಂದು ಅಡಿ ಆಳ ಇರಲಿ, ತಳದಲ್ಲಿ ತೂತು ಕಡ್ಡಾಯ. ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಕಲಸಿ. ಬೆರಳು ಇಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ರೆ ಮಾತ್ರ ನೀರು.

ಕಲಬೆರಕೆ ಆಗದ ಹಾಗೆ: ಪಕ್ಕದಲ್ಲಿ ಬೇರೆ ಮೆಣಸಿನ ಗಿಡ ಇದ್ರೆ ಜೇನುನೊಣ ಪರಾಗ ಬೆರೆಸುತ್ತೆ. ಮೊಗ್ಗು ಅರಳೋ ಮುಂಚೆ ಆ ಟೊಂಗೆಗೆ ತೆಳು ಬಟ್ಟೆ ಚೀಲ ಕಟ್ಟಿ, ದಿನಾ ಮೆಲ್ಲಗೆ ಅಲುಗಾಡಿಸಿ. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ, ಆ ಕಾಯಿಗೆ ದಾರ ಕಟ್ಟಿ ಗುರುತು ಮಾಡಿ.

ಒಣಗಿಸೋದು: ಕಾಯಿ ಪೂರ್ತಿ ಕೆಂಪಾದ ಮೇಲೆ ಕಿತ್ತು ನೆರಳಲ್ಲಿ ಒಣಗಿಸಿ. ಟೊಮೆಟೊ ಬೀಜಕ್ಕಾದರೆ ಲೋಳೆ ಸಮೇತ ನೀರಲ್ಲಿ ಎರಡು ದಿನ ಬಿಟ್ಟು, ತೊಳೆದು, ತಾಟಿನ ಮೇಲೆ ಹರಡಿ. ಗಾಜಿನ ಬಾಟಲಿಗೆ ಹಾಕಿ ತಳಿ, ಊರು, ವರ್ಷ ಬರೆದಿಡಿ.

ಸಂದೇಹ ಬಂದ್ರೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಕೇಳಿ.

ಇನ್ನೊಂದು ಗೊತ್ತಿರಲಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ, ತಾನು ಬೆಳೆದ ಬೀಜವನ್ನ ಉಳಿಸೋ, ಬಿತ್ತೋ, ಹಂಚೋ, ಮಾರೋ ಹಕ್ಕು ರೈತನಿಗಿದೆ. ಸಂರಕ್ಷಿತ ತಳಿಯ ಬೀಜವನ್ನ ಬ್ರಾಂಡ್ ಹಾಕಿ ಮಾರೋ ಹಾಗಿಲ್ಲ, ಅಷ್ಟೇ. ನಮ್ಮ ನೆರೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಬ್ಯಾಂಕ್ ನಡೆಸ್ತಾರೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರು ಮಾಡ್ತಿರೋದು ನಮ್ಮ ಅಜ್ಜಿಯರು ಮಾಡ್ತಿದ್ದ ಕೆಲಸವೇ.

ಕೊನೇ ಮಾತು. ಒಂದೇ ಗಿಡದ ಬೀಜ ಹಿಡಿದು ಕೂತರೆ ತಳಿ ವರ್ಷ ವರ್ಷಕ್ಕೆ ಬಲ ಕಳ್ಕೊಳ್ಳುತ್ತೆ. ಒಂದು ಮನೆಯಲ್ಲಿ ಒಂದು ವರ್ಷ ತಪ್ಪಿದರೆ ಅಜ್ಜಿಯ ಮುಳಗಾಯಿಯ ಗತಿಯೇ ಆಗುತ್ತೆ. ಹತ್ತು ಮನೆ, ಹತ್ತು ಡಬ್ಬಿ ಇದ್ರೆ ಹೋಗಲ್ಲ.

ಹಾಗಾಗಿ ಕ್ಲಾಸಿನವರು ಯಾರ್‍ಯಾರಿಗೆ ಬೇಕೋ ಕಾಮೆಂಟ್ ಮಾಡಿ, ಒಬ್ಬೊಬ್ಬರಿಗೆ ಹತ್ತು ಬೀಜ ಕೊಡ್ತೀನಿ. ರೊಕ್ಕ ಬೇಡ. ಮುಂದಿನ ವರ್ಷ ನನ್ನ ಗಿಡ ಸತ್ತಿದ್ರೆ ನಾನು ನಿಮ್ಮ ಮನೆಗೆ ಕೇಳೋಕೆ ಬರ್ತೀನಿ, ಅವಾಗ ಇಲ್ಲ ಅನ್ನಬೇಡಿ.

ಅಷ್ಟರಲ್ಲಿ ನಿಮ್ಮ ಮನೆ ಅಜ್ಜಿಯನ್ನ ಒಂದು ಮಾತು ಕೇಳಿ: “ಹಿತ್ತಲದಾಗ ಏನೇನಿತ್ತು?” ಉತ್ತರ ಇಲ್ಲೇ ಕೆಳಗೆ ಬರೀರಿ.

#ಹಾವೇರಿ #ಬ್ಯಾಡಗಿ #ರಾಣೆಬೆನ್ನೂರು #ಕುಂಡದತೋಟ #ಬೀಜಕೇಳಿ